ಹನ್ನೆರಡಕ್ಕೆ ಒಂದು ನಿಮಿಷ

ಶಾಸನಸಭೆ ಮುಗಿಯಬೇಕಾದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಆದರೆ ಮುದುಕ ಜವಾನ ಏಮಸ್ ಏಣಿ ಹತ್ತಿ, ಗೋಡೆ ಗಡಿಯಾರದ ದೊಡ್ಡ ಮುಳ್ಳನ್ನು ಎರಡು ತಾಸಿನಿಂದ ಹಿಡಿದುಕೊಂಡೇ ನಿಂತಿದ್ದ. ಅದು ಹನ್ನೆರಡು ಮುಟ್ಟುವ ತನಕ ಮಸೂದೆಗಳನ್ನು ಪಾಸು ಮಾಡಬಹುದು. ಕೊನೆಯ ದಿನದ ವಾಡಿಕೆಯೇ ಹಾಗೆ. ರೈಲು ಕಂಪನಿಯದು ಪಾಸಾಯಿತು, ಬ್ಯಾಂಕಿನವರದೂ ಆಯಿತು. ಏಮಸ್‌ನ ರಟ್ಟೆ ಸೋತುಹೋಗಿತ್ತು.

“ಬಿಟ್ಟೀಯಾ ಜೋಕೆ, ಮುದುಕಪ್ಪಾ!” ಎಂದು ಯಾರೋ ಕೂಗಿದರೆ ಸಭೆಯೆಲ್ಲ ನಕ್ಕಿತು.

ಕೊನೆಗೆ ಏಮಸ್ ಕಾಯುತ್ತಿದ್ದ ಮಸೂದೆಯನ್ನು ಗುಮಾಸ್ತ ಓದಿದ: ಗಣಿಯಲ್ಲಿ ಸತ್ತವರ ಮನೆಯವರಿಗೆ ಪರಿಹಾರ. ಏಮಸ್‌ನ ಮಗ ಕಲ್ಲಿದ್ದಲಿನಡಿ ಹೂತುಹೋದಾಗ ವಕೀಲ ಪಿಂಕ್ನಿ, “ಕೋರ್ಟು ಗೀರ್ಟು ಬೇಡ ಏಮಸ್. ಚುನಾವಣೇಲಿ ನನ್ನ ಗೆಲ್ಸು, ಕಾನೂನೇ ತರ್ತೀನಿ” ಎಂದಿದ್ದರು. ಏಮಸ್ ಮನೆಮನೆ ಅಲೆದು ಗೆಲ್ಲಿಸಿದ್ದ, ಮೂರು ಸಲ.

ಪಿಂಕ್ನಿ ಎದ್ದರು. ಮೇಲೆ ಗ್ಯಾಲರಿಯಲ್ಲಿ ಕೂತಿದ್ದ ಗಣಿ ಮಾಲೀಕರತ್ತ ಒಮ್ಮೆ ನೋಡಿ, ಏಣಿಯ ಕಡೆ ತಿರುಗಿದರು.

“ಪಾಪ, ಎಷ್ಟು ಹೊತ್ತೂಂತ ನಿಂತಿರ್ತೀಯ ಏಮಸ್? ಕೈ ನೋಯುತ್ತೆ. ಬಿಟ್ಬಿಡು.”

ಸಭೆ ಚಪ್ಪಾಳೆ ತಟ್ಟಿತು. ಏಮಸ್ ಇನ್ನೊಂದು ಕೈಯನ್ನೂ ಮುಳ್ಳಿಗೆ ಕೊಟ್ಟ.

“ಗಡಿಯಾರ ನಿಲ್ಸೋದು ಕಾನೂನಿಗೆ ವಿರುದ್ಧ ಕಣೋ,” ಎಂದರು ವಕೀಲರು. “ಇಳಿಸ್ರಪ್ಪ ಅವನನ್ನ.”