ಮಾವ ತಂದ ಅರ್ಜಿ

ಅವಳು ಅವರಿಗೆ ಕುರ್ಚಿ ತೋರಿಸಲಿಲ್ಲ. ಅವರೇ ಎಳೆದುಕೊಂಡು ಕೂತರು.

"ಎಷ್ಟು ದೊಡ್ಡವಳಾಗಿದ್ದೀಯ ಮಗಳೇ! ಮಾವನ ನೆನಪಿದೆಯಾ?"

"ಇದೆ ಮಾವ. ಚೆನ್ನಾಗೇ ಇದೆ."

ಬಾಗಿಲ ಬಳಿಯ ಮೇಜಿನಲ್ಲಿದ್ದ ಗುಮಾಸ್ತೆ ತಲೆಯೆತ್ತಿದಳು. ಮೇಡಂ ಹೀಗೆ ಹಲ್ಲು ಬಿಗಿಹಿಡಿದು ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಮಾವ ಎಂದರೆ ರಕ್ತಸಂಬಂಧವಲ್ಲ. ಅವರು ಊರಿನ ಯಜಮಾನರು; ಮಕ್ಕಳೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಅವಳು ಚಿಕ್ಕಂದಿನಲ್ಲೇ ಆ ಊರು ಬಿಟ್ಟಳು. ಈಗ ಇರುವುದು ಈ ಸಂಸ್ಥೆಯಲ್ಲಿ. ದಾನಿಗಳಿಂದ ಹಣ ಕೂಡಿಸಿ, ಬರ ಬಿದ್ದ ಊರುಗಳ ಕೆರೆ ಹೂಳೆತ್ತಿಸುವುದು ಸಂಸ್ಥೆಯ ಕೆಲಸ. ಯಾವ ಊರಿಗೆ ಹಣ ಹೋಗಬೇಕೆಂದು ತೀರ್ಮಾನಿಸುವುದು ಅವಳ ಕೆಲಸ. ಈ ಬೇಸಿಗೆಗೆ ಉಳಿದಿದ್ದು ಒಂದೇ ಕೆರೆಯ ಹಣ. ಮಾವ ಈಗ ಊರಿನ ಕೆರೆ ಸಮಿತಿಯ ಅಧ್ಯಕ್ಷರು.

ಬೆಳಿಗ್ಗೆ, ಮಾವ ಅರ್ಜಿ ತರುವ ವಿಷಯ ಹೇಳಿದಾಗ ಅಮ್ಮ ಬಟ್ಟೆ ಮಡಚುವುದನ್ನು ನಿಲ್ಲಿಸಿದ್ದಳು. "ಉಪ್ಪು ತಿಂದವನು ನೀರು ಕುಡೀಲೇಬೇಕು," ಎಂದಿದ್ದಳು. "ಬಿಡಬೇಡ ಅವನನ್ನ."

ಮಾವನ ಪಕ್ಕದಲ್ಲಿ, ಕುರ್ಚಿಯ ತುದಿಯಲ್ಲಿ ಕೂತಿದ್ದವಳು ಸಮಿತಿಯ ಸದಸ್ಯೆ. ಊರಿನಲ್ಲಿ ಬಟ್ಟೆ ಹೊಲಿಯುವವಳು. ಟೈಲರ್ ಅಕ್ಕ ಎಂದೇ ಎಲ್ಲರೂ ಕರೆಯುವುದು.

"ಮೇಡಂ, ಕೆರೆ ತುಂಬ ಹೂಳೇ. ಮಳೆ ಬಂದ್ರೂ ಮೊಣಕಾಲುದ್ದ ನೀರು ನಿಲ್ಲಲ್ಲ. ನಾನು ಹೊಲಿದು ದುಡಿದಿದ್ದೆಲ್ಲ ನೀರು ಕೊಳ್ಳೋಕೇ ಹೋಗುತ್ತೆ. ಕೊನೆಗೆ ಮಗಳನ್ನೂ ಶಾಲೆ ಬಿಡಿಸಿದೆ. ಹೂಳೆತ್ತಿಸಿ ಅಂತ ಇವರನ್ನ ಕೇಳಿ ಕೇಳಿ ಸಾಕಾಗಿತ್ತು. ಇಲ್ಲಿ ನೀವಿದ್ದೀರಿ ಅಂತ ಗೊತ್ತಾಗಿದ್ದೇ ತಡ, 'ನಾನೇ ಹೋಗ್ತೀನಿ ನಡಿ' ಅಂದ್ರು!"

"ಸಾಕು ಬಿಡಮ್ಮ. ಹರಿಕಥೆ ಮಾಡ್ತಾಳೆ," ಎಂದರು ಮಾವ. ಅಷ್ಟರಲ್ಲಿ ಅವರ ಫೋನು ಕೂಗಿತು. "ಹೂಂ. ಮೇಲಿನ ಬೀದಿಗೆ ಎರಡು ಕಳಿಸು. ಶಾಲೆ ಹತ್ರದವರಿಗೆ ಸಂಜೆಗೆ. ಮೊದಲು ದುಡ್ಡು ಇಸ್ಕೋ." ಫೋನು ಜೇಬಿಗೆ ಹೋಯಿತು.

ಅವಳು ಅರ್ಜಿ ಬಿಡಿಸಿದಳು. ಕೆರೆಯ ನಕ್ಷೆ ಇರಲಿಲ್ಲ. ಸಂಸ್ಥೆ ಹಣ ಕೊಟ್ಟರೆ ಊರು ದುಡಿಮೆ ಕೊಡಬೇಕು, ಅದು ನಿಯಮ. ಆ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಊರಿನಲ್ಲಿ ದುಡಿಯಲು ಯಾರೂ ಸಿದ್ಧರಿಲ್ಲ.

ಟೈಲರ್ ಅಕ್ಕ ಬಗ್ಗಿ ಓದಿ ಹೌಹಾರಿದಳು. "ಇದೇನು ಯಜಮಾನ್ರೇ! ಮನೆಮನೆಯಿಂದ ಬುಟ್ಟಿ ಹಿಡಿದು ಬರ್ತೀವಿ ಅಂದಿದ್ದೀವಲ್ಲ?"

"ಸುಳ್ಳು ಬರೆದು ದಾನದ ಹಣ ತಗೊಳ್ಳೋಕಾಗುತ್ತಾ? ನಿಮ್ಮ ಬಾಯಿ ದುಡಿಯುತ್ತೆ, ಕೈ ದುಡಿಯಲ್ಲ." ಮಾವ ನಕ್ಕರು. ಕಾಲ ಮೇಲೆ ಕಾಲು ಹಾಕಿ ಅವಳತ್ತ ತಿರುಗಿದರು. "ಅಮ್ಮ ಹೇಗಿದ್ದಾರೆ? ಒಂದು ಸಲ ಹೇಳದೆ ಕೇಳದೆ ನಮ್ಮ ಬಾವಿಗೆ ಬಂದುಬಿಟ್ಟಿದ್ರು. ತುಂಬಿದ ಕೊಡ ಅಲ್ಲೇ ನೆಲಕ್ಕೆ ಸುರಿಸಿದ್ದೆ. ನೀನು ಮೂಗು ಸೋರಿಸ್ಕೊಂಡು ಅಳ್ತಾ ನಿಂತಿದ್ದೆ. ಮರೆತಿಲ್ಲ ತಾನೇ?"

"ಯಜಮಾನ್ರೇ, ಅದೆಲ್ಲ ಈಗ ಯಾಕೆ!" ಟೈಲರ್ ಅಕ್ಕನ ದನಿ ಅಳುವಿನಂತಿತ್ತು.

ಅವಳು ಮರೆತಿರಲಿಲ್ಲ. ಆ ದಿನ ತಮ್ಮ ಜ್ವರದಲ್ಲಿ ನೀರು, ನೀರು ಎನ್ನುತ್ತಿದ್ದ. ಅಮ್ಮ ಖಾಲಿ ಕೊಡ ಹೊತ್ತು ಪಕ್ಕದೂರಿಗೆ ನಡೆದಳು. ನೀರು ತಂದಾಗ ತಮ್ಮ ಕೇಳುವುದನ್ನು ನಿಲ್ಲಿಸಿದ್ದ.

ಗುಮಾಸ್ತೆ ಬರೆಯುವುದನ್ನು ಬಿಟ್ಟು ಕೂತಳು. ಇನ್ನು ಈ ಮನುಷ್ಯನ ಕಥೆ ಮುಗಿಯಿತು ಎಂದುಕೊಂಡಳು. ಜೊತೆಗೆ ಆ ಊರಿನದೂ.

"ಮೇಡಂ," ಟೈಲರ್ ಅಕ್ಕ ಕೈ ಜೋಡಿಸಿದಳು, "ಇವರ ಮೇಲಿನ ಸಿಟ್ಟನ್ನ ನಮ್ಮ ಮೇಲೆ ತೀರಿಸ್ಕೋಬೇಡಿ."

"ಅವಳ ಮಾತು ಬಿಡು," ಎಂದರು ಮಾವ. "ಆಗಲ್ಲ ಅಂತ ಹೇಳಿಬಿಡು ಮಗಳೇ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ನಿನ್ನ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ."

ಅವಳು ಎದ್ದಳು. ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಟೈಲರ್ ಅಕ್ಕನ ಕೈಗಿಟ್ಟಳು. ಮಾವನಿಗೆ ಕೊಡಲಿಲ್ಲ.

"ಕುಡಿಯಿರಿ ಅಕ್ಕ. ಈ ಬೇಸಿಗೆಯ ಹಣ ನಿಮ್ಮ ಕೆರೆಗೇ. ಸೋಮವಾರ ನಮ್ಮ ಎಂಜಿನಿಯರ್ ಬಂದು ನಕ್ಷೆ ಮಾಡ್ತಾರೆ, ಹಿಂದೆಯೇ ಯಂತ್ರ ಬರುತ್ತೆ. ಬುಟ್ಟಿ ತಗೊಂಡು ನೀವು ಬನ್ನಿ. ಲೆಕ್ಕಪತ್ರ ಹೆಂಗಸರ ಕೈಯಲ್ಲಿ ಇರಲಿ."

ಟೈಲರ್ ಅಕ್ಕ ಒಂದೇ ಉಸಿರಿಗೆ ಕುಡಿದು ಲೋಟ ಮೇಜಿನ ಮೇಲಿಟ್ಟಳು.

ಮಾವನ ಕಾಲು ಕೆಳಗಿಳಿಯಿತು. "ಇಷ್ಟು ಅವಸರ ಯಾಕೆ? ಕಾಗದಪತ್ರ ಸರಿಯಿಲ್ಲವಲ್ಲ. ಮುಂದಿನ ವರ್ಷ ನೋಡಿದ್ರಾಯ್ತು."

"ನಾನು ಸರಿ ಮಾಡ್ತೀನಿ ಮಾವ. ಒಪ್ಪಿಗೆಗೆ ನಿಮ್ಮದೊಂದು ಸಹಿ."

"ಹಾಕಿ ಯಜಮಾನ್ರೇ!" ಟೈಲರ್ ಅಕ್ಕ ಪೆನ್ನನ್ನು ಅವರ ಬೆರಳುಗಳ ನಡುವೆ ತುರುಕಿದಳು. "ನೀವೇ ಕೊಡಿಸಿದ್ರಿ ಅಂತ ಊರಿಗೆಲ್ಲ ಸಾರ್ತೀನಿ. ಈಗ ಹಾಕದೆ ಹೋದ್ರೆ ಅದನ್ನೂ ಸಾರ್ತೀನಿ."

ಮಾವ ಹಣೆ ಒರೆಸಿಕೊಂಡರು. ಬಾಗಿಲ ಕಡೆ ನೋಡಿದರು, ಟೈಲರ್ ಅಕ್ಕನನ್ನು ನೋಡಿದರು. ಸಹಿ ಬಿತ್ತು. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು.

ಗುಮಾಸ್ತೆಯ ಕಣ್ಣು ಒದ್ದೆಯಾಯಿತು. ಎಂಥ ದೊಡ್ಡ ಮನಸ್ಸು ಮೇಡಂ ಅವರದು! ಇಂಥವನನ್ನೂ ಕ್ಷಮಿಸಿಬಿಟ್ಟರಲ್ಲ!

ಟೈಲರ್ ಅಕ್ಕ ಮಗಳಿಗೆ ಫೋನು ಮಾಡುತ್ತಾ ಮೆಟ್ಟಿಲಿಳಿದಳು. ಮಾವ ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತರು. ಅವಳು ಹತ್ತಿರ ಹೋಗಿ, ಹುಷಾರಿಲ್ಲದವರನ್ನು ಮಾತಾಡಿಸುವಷ್ಟು ಮೆಲ್ಲಗೆ ಹೇಳಿದಳು:

"ನಿಮ್ಮ ನೀರಿನ ಟ್ಯಾಂಕರುಗಳನ್ನೆಲ್ಲ ಈಗಲೇ ಮಾರಿಬಿಡಿ ಮಾವ, ಕೆರೆ ತುಂಬಿದ ಮೇಲೆ ನಿಮ್ಮ ಹತ್ರ ಒಂದು ಕೊಡ ನೀರನ್ನೂ ಯಾರೂ ಕೊಳ್ಳಲ್ಲ."