ಮುಖಪುಟದ ಫೋಟೋ

ಅಮ್ಮ ಸಂಗೀತ ಪತ್ರಿಕೆಯ ಪಿನ್ನುಗಳನ್ನು ಒಂದೊಂದಾಗಿ ಬಿಚ್ಚಿ, ಮುಖಪುಟವನ್ನು ಹರಿಯದಂತೆ ಬೇರೆ ಮಾಡಿದಳು. ಅದನ್ನು ಹಿಡಿದು ನಾವಿಬ್ಬರೂ ಪೊಲೀಸ್ ಠಾಣೆಗೆ ಹೋದೆವು.

ಅಕ್ಕ ಕಾಣೆಯಾಗಿ ಆರು ದಿನವಾಗಿತ್ತು. ಫೋಟೋ ತಂದರೆ ಮಾತ್ರ ಹುಡುಕುತ್ತೇವೆ ಎಂದು ಪೊಲೀಸರು ಹೇಳಿದ್ದರು.

ಮುಖಪುಟ ನೋಡಿದ ಪೇದೆ ನಕ್ಕುಬಿಟ್ಟ.

“ಏನಮ್ಮಾ, ಇವ್ರು ನಿನ್ ಮಗಳಾ? ನಿನ್ನೆ ಟೀವೀಲಿ ಹಾಡ್ತಿದ್ರಲ್ಲ!”

“ಅಲ್ಲ ಸಾರ್…”

“ರೈಟ್ರೇ, ಬನ್ನಿ ಇಲ್ಲಿ! ಇಡೀ ರಾಜ್ಯಕ್ಕೇ ಗೊತ್ತಿರೋ ಗಾಯಕಿ ಕಳೆದೋಗಿದಾರಂತೆ!”

ಠಾಣೆಯಲ್ಲಿದ್ದವರೆಲ್ಲ ನಕ್ಕರು. ಅಮ್ಮ ಆ ನಗು ನಿಲ್ಲುವವರೆಗೂ ಕಾದು, ಗಾಯಕಿಯ ಹೆಸರಿನ ದಪ್ಪ ಅಕ್ಷರಗಳ ಮೇಲೆ ಬೆರಳಿಟ್ಟಳು.

“ಇವ್ರ ಹಿಂದೆ ನಿಂತು ಕೋರಸ್ ಹಾಡೋಳು ನನ್ನ ಮಗಳು ಸಾರ್. ಈ ಅಕ್ಷರದಡಿ ಅವ್ಳ ಮುಖ ಮುಚ್ಚೋಗಿ ಕಿವಿ ಓಲೆ ಮಾತ್ರ ಕಾಣ್ತದೆ. ನಮ್ಮತ್ರ ಇರೋದು ಇದೊಂದೇ ಫೋಟೋ. ಹುಡುಕಿಕೊಡಿ.”