ಹನ್ನೊಂದು ಗಂಟೆಯ ಮೌನ

ಗಂಡನ ತಿಥಿಗೆ ಬಂದ ನೆಂಟರು ಹೊರಟುಹೋದ ಮಾರನೆಯ ಬೆಳಿಗ್ಗೆ ಮುನಿರತ್ನ ಜೇಬುಗಡಿಯಾರ ಹಿಡಿದು ಸರ್ದಾರ್ ಪಾಷಾರ ಅಂಗಳಕ್ಕೆ ಬಂದಳು. ಶಾಲೆಯ ಪರೀಕ್ಷೆಗೆಂದು, ಮೇಷ್ಟ್ರಾಗಿದ್ದ ಅವಳ ಗಂಡ ಪಾಷಾರಿಂದ ಎರವಲು ತಂದಿದ್ದ ಗಡಿಯಾರ ಅದು. ಹಿಂದೆ ಸಿಪಾಯಿಯಾಗಿದ್ದ ಆ ಮುದುಕರು ಹಳೆಯ ಖಾಕಿ ಕೋಟು ತೊಟ್ಟು ನೆಟ್ಟಗೆ ನಿಂತಿದ್ದರು. ಅಂದು ನವೆಂಬರ್ ಹನ್ನೊಂದು. ಎರಡನೆಯ ಮಹಾಯುದ್ಧವೂ ಮುಗಿದು ವರ್ಷವಾಗಿತ್ತು. ಪಾಷಾ ಮಾತ್ರ ಮೊದಲನೆಯದು ನಿಂತ ಬೆಳಿಗ್ಗೆ ಹನ್ನೊಂದರ ಗಳಿಗೆಗೆ ಸರಿಯಾಗಿ, ಸತ್ತ ಜೊತೆಗಾರರಿಗಾಗಿ, ಪ್ರತಿವರ್ಷ ಎರಡು ನಿಮಿಷ ಮೌನವಾಗಿ ನಿಲ್ಲುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ವೇಳೆ ನೋಡಿ ಹೇಳುತ್ತಿದ್ದವನು ಅವಳ ಗಂಡನೇ.

"ಗಡಿಯಾರ ಆಮೇಲೆ ಕೊಡು ಬೇಟಿ, ಈ ಸಲ ನೀನೇ ನೋಡಿ ಹೇಳು. ನನ್ ಮೊಣಕಾಲು ನೋಯ್ತದೆ ಅಂತ ಮೇಷ್ಟ್ರು ಒಂದೇ ನಿಮಿಷಕ್ಕೆ 'ಆಯ್ತು ಸಾಹೇಬ್ರೆ' ಅಂದ್ಬಿಡ್ತಿದ್ರು. ನಂಗೇನು ಗೊತ್ತಾಗ್ತಿರ್ಲಿಲ್ವಾ? ಇವತ್ತು ಪೂರ್ತಿ ಎರಡ್ ನಿಮಿಷ ನನ್ನ ನಿಲ್ಲಿಸು. ಅವ್ರೂ ಆ ಕಡೆ ಸೇರ್ಕೊಂಡ್ರಲ್ಲ."

ಹನ್ನೊಂದಾಯ್ತೆಂದು ಅವಳು ಹೇಳಿ ಒಂದು ನಿಮಿಷ ಕಳೆಯುವಷ್ಟರಲ್ಲಿ ಪಾಷಾರ ಕಾಲು ನಡುಗತೊಡಗಿತು. ಅವಳು ಆಯ್ತು ಎನ್ನಲಿಲ್ಲ. ಪಕ್ಕಕ್ಕೆ ಸರಿದು ತನ್ನ ಹೆಗಲು ಕೊಟ್ಟಳು. ಹದಿಮೂರು ದಿನವೂ ಒಂದು ಹನಿ ಕಣ್ಣೀರೂ ಹಾಕದೆ ಕೂತಿದ್ದವಳಿಗೆ, ಗಂಡ ಆ ಸುಳ್ಳು ಹೇಳುವಾಗಿನ ಮುಖ ಕಣ್ಣ ಮುಂದೆ ಬಂತು.

"ಆಯ್ತೇನಮ್ಮಾ?" ಎಂದು ಪಾಷಾ ಮೆಲ್ಲಗೆ ಕೇಳಿದರು.

"ಮುಳ್ಳು ಕಾಣಿಸ್ತಿಲ್ಲ, ಸಾಹೇಬ್ರೆ," ಎಂದು ಅವಳು ಒದ್ದೆಯಾದ ಗಡಿಯಾರವನ್ನು ಅವರ ಅಂಗೈಯಲ್ಲಿಟ್ಟಳು.